ಸಾಕ್ಸ್ ತಿರುಗಿಸಿಡುತ್ತಿದ್ದ ಕ್ಯಾಪ್ಟನ್

ನನ್ನ ಸೋದರತ್ತೆ ಹರೆಯದಿಂದ ಕೂದಲು ನೆರೆಯುವವರೆಗೂ ನಮ್ಮ ಬೀದಿಯ ಫುಟ್‌ಬಾಲ್ ಕ್ಲಬ್ಬಿನ ಬಟ್ಟೆ ಒಗೆದಳು. ಆಟ ಅವಳಿಗೆ ಅಷ್ಟಕ್ಕಷ್ಟೇ. ಗೋಲು ಹೊಡೆದವರು ಯಾರೆಂದು ಕೇಳಿದರೆ, "ಮೊಣಕೈಗೆಲ್ಲ ಕೆಸರು ಮೆತ್ಕೊಂಡಿದ್ನಲ್ಲ, ಅವ್ನೇ ಇರ್ಬೇಕು" ಎನ್ನುತ್ತಿದ್ದಳು. ಆದರೆ ಮನುಷ್ಯರನ್ನು ಅಳೆಯಲು ಅವಳದೇ ಒಂದು ಪರೀಕ್ಷೆಯಿತ್ತು. ಆಟ ಮುಗಿದ ಮೇಲೆ ಎಲ್ಲರೂ ಒದ್ದೆ ಸಾಕ್ಸನ್ನು ಒಳಮೈ ಹೊರಗಾದಂತೆಯೇ ಉಂಡೆ ಮಾಡಿ ಬುಟ್ಟಿಗೆ ಎಸೆಯುತ್ತಿದ್ದರು. ಅವನ್ನೆಲ್ಲ ಬಿಡಿಸಿ, ತಿರುಗಿಸಿ, ಕೆಸರು ಕೊಡವುವಷ್ಟರಲ್ಲಿ ಅತ್ತೆಯ ಸೊಂಟ ಬಿದ್ದುಹೋಗುತ್ತಿತ್ತು. ಕ್ಯಾಪ್ಟನ್ ಒಬ್ಬ ಮಾತ್ರ ತನ್ನದನ್ನು ತಿರುಗಿಸಿ, ಕೊಡವಿ, ಜೋಡಿಮಾಡಿ ಇಡುತ್ತಿದ್ದ.

"ಯಾರೂ ನೋಡ್ದೇ ಇದ್ದಾಗ್ಲೂ ಇನ್ನೊಬ್ರ ಕಷ್ಟ ತಿಳ್ಕೊಳ್ಳೋನು ಕೆಟ್ಟೋನಾಗಿರಲ್ಲ" ಎಂಬುದು ಅತ್ತೆಯ ತೀರ್ಪು. ಆ ತೀರ್ಪೇ ನಮ್ಮೆಲ್ಲರನ್ನೂ ಮುಳುಗಿಸಿತು.

ಕ್ಲಬ್ಬಿನ ಒಡೆಯರು ನಾವೇ. ಅಜ್ಜಂದಿರ ಕಾಲದಲ್ಲಿ ಮನೆಗೊಂದು ಷೇರು ಹಾಕಿ ಮೈದಾನ ಕೊಂಡಿದ್ದರು. ಯಾವ ತೀರ್ಮಾನವಾದರೂ ಗೋಲ್‌ಪೋಸ್ಟಿನ ಹಿಂದೆ ಸೇರಿ, ಮನೆಗೊಂದು ಕೈ ಎತ್ತುವುದು ಪದ್ಧತಿ. ತಂಡ ಸೋತು ಸೋತು ಕೆಳಗಿನ ಡಿವಿಷನ್ನಿಗೆ ಜಾರಿ, ಒಳ್ಳೆಯ ಆಟಗಾರರೆಲ್ಲ ಬಿಟ್ಟುಹೋದಾಗ ಆ ಹಳೆಯ ಕ್ಯಾಪ್ಟನ್ ಮೊದಲು ಅತ್ತೆಯ ಬಳಿಗೆ ಬಂದ. ಈಗ ಅವನು ದೊಡ್ಡ ವ್ಯಾಪಾರಸ್ಥ. ಷೇರುಗಳನ್ನೆಲ್ಲ ತನಗೆ ಬಿಟ್ಟುಕೊಟ್ಟರೆ ತಂಡವನ್ನು ಮೇಲೆತ್ತುತ್ತೇನೆ, ಮೈದಾನದ ಒಂದು ಹುಲ್ಲುಕಡ್ಡಿಯನ್ನೂ ಮುಟ್ಟುವುದಿಲ್ಲ ಎಂದ.

ಎದುರುಮನೆಯ ಬಡಗಿ ಬೇಡವೆಂಬಂತೆ ತಲೆಯಾಡಿಸಿದ. "ಬೆಳ್ಳಗಿರೋದೆಲ್ಲ ಹಾಲಲ್ಲ ಕಣಕ್ಕಾ."

"ಬೆಳ್ಳಗಿರೋದ್ರ ವಿಷ್ಯ ನಂಗೆ ಹೇಳ್ಕೊಡ್ಬೇಡ," ಎಂದು ರೇಗಿದ ಅತ್ತೆ ಒಂದು ಮನೆ ಬಿಡದೆ ಹತ್ತಿಳಿದಳು. ಅವಳ ಮಾತಿಗೆ ಎಲ್ಲ ಕೈಗಳೂ ಮೇಲೆದ್ದವು. ಬಡಗಿಯದು ಕೊನೆಗೆ ಎದ್ದಿತು.

ಮುಂದಿನ ಸೀಸನ್ ಮುಗಿಯುವ ಮೊದಲೇ ಸುದ್ದಿ ಬಂತು. ಮೈದಾನ ಮಾಲ್ ಕಟ್ಟುವವರ ಪಾಲು. ತಂಡ ದೂರದ ಪಟ್ಟಣಕ್ಕೆ. ಅಲ್ಲಿ ಅದಕ್ಕೆ ಹೊಸ ಹೆಸರು, ಹೊಸ ಬಣ್ಣ. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಜನ ಲಾಯರ್ ಬಳಿ ಓಡಿದರು. ಆಗುವಂಥದ್ದೇನೂ ಉಳಿದಿರಲಿಲ್ಲ. ಆಮೇಲೆ ಸಿಟ್ಟೆಲ್ಲ ಅತ್ತೆಯ ಕಡೆ ತಿರುಗಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಬಡಗಿಯ ಹೆಂಡತಿ ಅವಳನ್ನು ಕಂಡರೆ ಒಣಹಾಕುತ್ತಿದ್ದ ಬಟ್ಟೆಯನ್ನು ಅರ್ಧಕ್ಕೇ ಬಿಟ್ಟು ಒಳಗೆ ಹೋಗುತ್ತಿದ್ದಳು.

ಕೊನೆಯ ಪಂದ್ಯದ ದಿನ, ಈಗ ಒಡೆಯನಾಗಿದ್ದ ಕ್ಯಾಪ್ಟನ್ನೂ ಹಳೆಯ ಜರ್ಸಿ ತೊಟ್ಟು ಕ್ಯಾಮೆರಾಗಳ ಮುಂದೆ ಸ್ವಲ್ಪ ಹೊತ್ತು ಓಡಾಡಿದ. ಮುಗಿದ ಮೇಲೆ ಬಟ್ಟೆ ಒಗೆಯುವ ಕೋಣೆಗೆ ಬಂದ. ನಾನು ಅತ್ತೆಯ ಜೊತೆ ಬುಟ್ಟಿ ಹಿಡಿದು ನಿಂತಿದ್ದೆ.

"ನೀವೂ ಬನ್ನಿ ಅತ್ತೆ. ಅಲ್ಲಿ ಎಲ್ಲಾ ಮೆಷಿನ್ನೇ. ನೀವು ನೋಡ್ಕೊಂಡಿದ್ರೆ ಸಾಕು."

"ಒಂದು ಮಾತು ಹೇಳಪ್ಪ. ಎಲ್ಲಾರೂ ಕೈ ಎತ್ತಿದಾಗ್ಲೇ ಮಾರೋದು ನಿಂಗೆ ಗೊತ್ತಿತ್ತಾ?"

ಅವನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಗೊತ್ತಿತ್ತು ಅತ್ತೆ. ಅದಕ್ಕೇ ಮೊದ್ಲು ನಿಮ್ಮ ಹತ್ರ ಬಂದೆ. ನಿಮ್ಮ ಮಾತನ್ನ ಈ ಬೀದೀಲಿ ಯಾರೂ ತೆಗೆದುಹಾಕಲ್ಲ ಅಂತ ನಂಗೊತ್ತು."

ಅಷ್ಟು ಹೇಳಿ, ಅಭ್ಯಾಸಬಲದಿಂದ, ತನ್ನ ಸಾಕ್ಸನ್ನು ತಿರುಗಿಸಿ, ಕೊಡವಿ, ಜೋಡಿಮಾಡಿ ಬುಟ್ಟಿಯ ಮೇಲಿಟ್ಟ.

ಅತ್ತೆ ಅದನ್ನೇ ನೋಡುತ್ತ ನಿಂತಳು. ಆಮೇಲೆ ಎತ್ತಿಕೊಂಡು ಜೋಡಿ ಬಿಡಿಸಿದಳು. ಎರಡರ ಒಳಮೈಯನ್ನೂ ಹೊರಗೆಳೆದು, ಒದ್ದೆ ಉಂಡೆ ಕಟ್ಟಿ ಅವನ ಕೈಗಿಟ್ಟಳು.

"ಇದನ್ನ ನೀನೇ ಒಗ್ಕೋ," ಎಂದಳು.