ಮೂಗಿಗೆ ಬಟ್ಟೆ ಇಟ್ಟ ಎಂಜಿನ್

ಹೊಸದಾಗಿ ಕಟ್ಟಿದ ಎಂಜಿನ್ ಕೆಡಬೇಕಾದರೆ ಅದನ್ನು ರಸ್ತೆಯಲ್ಲಿ ಓಡಿಸಲೇಬೇಕೆಂದು ನೀವು ನಂಬಿದ್ದೀರಾ? ಶೆಡ್ಡಿನಲ್ಲಿ ನಿಲ್ಲಿಸಿ, ಧೂಳು ಒರೆಸಿ, ಪೂಜೆ ಮಾಡಿ, ಪ್ರೀತಿಯಿಂದಲೇ ಕೆಡಿಸಬಹುದು. ಅದಕ್ಕೆ ನಾನು ಸಾಕ್ಷಿ.

೧೯೭೪ರಲ್ಲಿ ನಾನು ರಾಜಾಜಿನಗರದ ಒಂದು ಸಣ್ಣ ವರ್ಕ್‌ಷಾಪಿನಲ್ಲಿ ಎಂಜಿನಿಯರ್ ಆಗಿದ್ದೆ. ಸವೆದ ಎಂಜಿನ್‌ಗಳನ್ನು ಬಿಚ್ಚಿ ಮರಳಿ ಕಟ್ಟುವುದು ನಮ್ಮ ಕೆಲಸ. ಕಾಲೇಜಿನ ಚರ್ಚಾಕೂಟದಲ್ಲಿ ಪಳಗಿದ್ದ ನನಗೆ, ಕಾರಣವನ್ನು ಸ್ಪಷ್ಟವಾಗಿ ಹೇಳಿದರೆ ಜನ ಒಪ್ಪುತ್ತಾರೆ, ಒಪ್ಪಿದಂತೆಯೇ ನಡೆಯುತ್ತಾರೆ ಎಂಬ ದೃಢ ನಂಬಿಕೆಯಿತ್ತು. ಆದ್ದರಿಂದಲೇ ಎಂಜಿನ್ ಕಾಪಾಡುವ ಬಗೆಯನ್ನು ಪ್ರತಿಯೊಬ್ಬ ಟ್ಯಾಕ್ಸಿ ಚಾಲಕನಿಗೂ ಬಿಡಿಸಿ ಹೇಳುವ ಕ್ರಮವನ್ನು ಅಲ್ಲಿ ಆರಂಭಿಸಿದ್ದೆ.

ರುದ್ರಪ್ಪ ದಾವಣಗೆರೆ ಕಡೆಯವರು. ವಿಜಯನಗರದಲ್ಲಿ ತಾಯಿ ಗೌರಮ್ಮನವರೊಡನೆ ನೆಲೆಸಿ, ಸ್ವಂತ ಅಂಬಾಸಿಡರ್ ಟ್ಯಾಕ್ಸಿ ಓಡಿಸುತ್ತಿದ್ದರು. ಆ ಗಾಡಿಗೆ ನಾವು ಸಿಲಿಂಡರ್‌ಗಳನ್ನು ಹೊಸದಾಗಿ ಕೊರೆದು, ಹೊಸ ಪಿಸ್ಟನ್ ಮತ್ತು ರಿಂಗ್‌ಗಳನ್ನು ಹಾಕಿಕೊಟ್ಟೆವು. ಇನ್ನೊಮ್ಮೆ ಕೊರೆಯಲು, ಸಿಲಿಂಡರ್‌ಗಳಿರುವ ಆ ಬ್ಲಾಕಿನಲ್ಲಿ ಲೋಹ ಉಳಿದಿರಲಿಲ್ಲ. ಇದೇ ಕೊನೆಯದೆಂದು ಅವರಿಗೂ ತಿಳಿಸಿದ್ದೆವು.

ಗಾಡಿ ಮನೆ ಸೇರಿದ ಕೆಲವೇ ದಿನಗಳಲ್ಲಿ, ಮಾಗಡಿ ರಸ್ತೆ ದಾಟುತ್ತಿದ್ದ ರುದ್ರಪ್ಪನವರಿಗೆ ಲಾರಿ ಬಡಿದು ಎಡ ತೊಡೆಯ ಮೂಳೆ ಮುರಿಯಿತು. ಅದು ಕ್ಲಚ್ ತುಳಿಯುವ ಕಾಲು. ಒಂದು ವರ್ಷ ಗಾಡಿ ಮುಟ್ಟಬೇಡಿ ಎಂದರು ವೈದ್ಯರು. ಬೇರೆ ಚಾಲಕನ ಕೈಗೆ ಕೊಟ್ಟರೆ ಹೊಸ ಎಂಜಿನ್ ಹಾಳಾದೀತೆಂಬ ಭಯದಿಂದ, ಅವರು ಅದನ್ನು ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿ ನನಗೆ ಹೇಳಿಕಳುಹಿಸಿದರು. ತಾಯಿ ಅಕ್ಕಪಕ್ಕದ ಮನೆಗಳಿಗೆ ಜೋಳದ ರೊಟ್ಟಿ ಮಾಡಿಕೊಟ್ಟು ಸಂಸಾರ ಸಾಗಿಸತೊಡಗಿದ್ದರು. ಆ ಎಂಜಿನ್ ಉಳಿದರೆ ಮಾತ್ರ ಮಗನಿಗೆ ಮತ್ತೆ ದುಡಿಮೆ.

ನಾನು ಹೊಸ ಆಯಿಲ್ ತುಂಬಿಸಿದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೂ ಸ್ವಲ್ಪ ಆಯಿಲ್ ಬಿಟ್ಟು, ಎಂಜಿನ್ನನ್ನು ಕೈಯಿಂದ ತಿರುಗಿಸಿ, ಒಳಗೋಡೆಗೆಲ್ಲ ಅದು ಹರಡುವಂತೆ ಮಾಡಿದೆ. ಬ್ಯಾಟರಿ ತೆಗೆದಿಟ್ಟೆ. ತೇವದ ಗಾಳಿ ಒಳಹೋಗದಂತೆ ಕಾರ್ಬುರೇಟರಿನ ಬಾಯಿಗೂ ಸೈಲೆನ್ಸರ್ ಕೊಳವೆಗೂ ಎಣ್ಣೆಬಟ್ಟೆ ತುರುಕಿದೆ.

ಬಾಗಿಲಲ್ಲಿ ನಿಂತಿದ್ದ ಗೌರಮ್ಮನವರ ಮುಖ ಕಪ್ಪಿಟ್ಟಿತು. "ಇಂಜಿನಿಯರಪ್ಪಾ, ಅದೇನು ಹೆಣಾನಾ, ಮೂಗಿಗೆ ಬಟ್ಟೆ ಇಡೋಕೆ?"

ಹಿತ್ತಿಲಲ್ಲಿ ಹಾಕಿದ್ದ ಮಂಚದ ಮೇಲಿಂದ ರುದ್ರಪ್ಪ ನಕ್ಕರು. "ಇರ್ಲಿ ಬಿಡವ್ವಾ. ನನ್ನ ಕಾಲಿಗೆ ಪಟ್ಟಿ ಹಾಕಿದಾರೆ, ಅದರ ಬಾಯಿಗೆ ಹಾಕಿದಾರೆ. ಇಬ್ರೂ ಮಲಗಿರ್ತೀವಿ."

ನಾನು ಸಾವಧಾನದಿಂದ ವಾದ ಮಂಡಿಸಿದೆ. ಪೆಟ್ರೋಲ್ ಉರಿದಾಗ ಬೆಂಕಿಯ ಜೊತೆಗೆ ನೀರಿನ ಆವಿಯೂ ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಕಾದು ಓಡಿದರೆ ಅದು ಹೊರಹೋಗುತ್ತದೆ; ಎರಡು ನಿಮಿಷ ನಡೆಸಿ ನಿಲ್ಲಿಸಿದರೆ ಒಳಗೇ ಬೆವರಿ ನಿಲ್ಲುತ್ತದೆ. ತಣ್ಣಗಿರುವ ಎಂಜಿನ್ ಹೊರಡಿಸಲು ಚೋಕ್ ಎಳೆದಾಗ ಹೆಚ್ಚಾಗಿ ಹರಿಯುವ ಪೆಟ್ರೋಲ್ ಗೋಡೆಯ ಆಯಿಲನ್ನು ತೊಳೆಯುತ್ತದೆ. ತೊಳೆದ ಕಬ್ಬಿಣ, ನಿಂತ ನೀರು: ಉಳಿದದ್ದು ತುಕ್ಕಿನ ಕೆಲಸ. ಗೌರಮ್ಮ ಎಲ್ಲವನ್ನೂ ಕೇಳಿದರು. "ನೀವು ಓದಿದೋರು, ಆಯ್ತು ಬಿಡಿ," ಎಂದು ಮಜ್ಜಿಗೆ ಕೊಟ್ಟರು. ವಾದ ಗೆದ್ದೆನೆಂದು ನಾನು ಹಿಂದಿರುಗಿದೆ.

ಮಳೆಗಾಲದ ಒಂದು ಸೋಮವಾರ ಆ ಬೀದಿಯಲ್ಲಿ ಹೋಗುವಾಗ ಶೆಡ್ಡಿನಿಂದ ಎಂಜಿನ್ ಸದ್ದು ಕೇಳಿಸಿತು. ಬಾನೆಟ್ಟಿಗೆ ವಿಭೂತಿ, ಚಕ್ರದಡಿ ಆಗಷ್ಟೇ ಹಿಸುಕಿದ ನಿಂಬೆಹಣ್ಣು. ನಾನು ತುರುಕಿದ್ದ ಬಟ್ಟೆಗಳು ಮೂಲೆಯಲ್ಲಿ ಬಿದ್ದಿದ್ದವು; ತೆಗೆದಿಟ್ಟಿದ್ದ ಬ್ಯಾಟರಿ ಮತ್ತೆ ತನ್ನ ಜಾಗ ಸೇರಿತ್ತು. ಸೀಟಿನಲ್ಲಿ ಕುಳಿತಿದ್ದ ಪಕ್ಕದ ಮನೆಯ ಕೃಷ್ಣ ತಡವರಿಸಿದ. "ಎರಡೇ ನಿಮಿಷ ಸಾರ್. ನಿಂಬೆಹಣ್ಣಿನ ಮೇಲೆ ಹತ್ತಿಸ್ಬೇಕಲ್ಲ. ಅಜ್ಜಿ ಬಿಡಲ್ಲ."

"ವಾರಕ್ಕೊಂದ್ಸಲ ಎದ್ದು ಉಸಿರಾಡ್ಲಿ ಅಂತ ಕಣಪ್ಪ," ಎಂದರು ಗೌರಮ್ಮ. "ಸುಮ್ನೆ ಮಲಗಿಸಿದ್ರೆ ಹೋಗೇಬಿಡುತ್ತೆ."

ರುದ್ರಪ್ಪನವರತ್ತ ನೋಡಿದೆ. ಅವರಿಗಾದರೂ ಎಲ್ಲವೂ ತಿಳಿದಿತ್ತು. ಅವರು ಕಣ್ಣು ತಗ್ಗಿಸಿ ಹೇಳಿದರು: "ಆ ಸೌಂಡ್ ಕೇಳಿದ್ರೆ ಒಂಥರಾ ಧೈರ್ಯ ಸಾರ್. ಗಾಡಿ ಇನ್ನೂ ಇದೆ, ನಾನೂ ಇದೀನಿ ಅನ್ಸುತ್ತೆ."

ಆಯಿಲ್ ತುಂಬುವ ಮುಚ್ಚಳ ತಿರುಗಿಸಿ ತೋರಿಸಿದೆ. ಅದರ ಒಳಮೈಗೆ ಹಾಲಿನ ಕೆನೆಯಂತೆ ಬಿಳಿಯ ಜಿಡ್ಡು ಅಂಟಿತ್ತು. ಆಯಿಲಿಗೆ ನೀರು ಬೆರೆತ ಗುರುತು. ಎಲ್ಲವನ್ನೂ ಮೊದಲಿನಿಂದ ಮಾಡಿದೆ. ವಾದವನ್ನೂ ಮೊದಲಿನಿಂದ ಹೇಳಿದೆ. ಗೌರಮ್ಮ ಗಂಭೀರವಾಗಿ ಕೇಳಿ, "ಇನ್ಮೇಲೆ ವಾರವಾರ ಮಾಡಲ್ಲ," ಎಂದು ಮಾತು ಕೊಟ್ಟರು. ಆ ಮಾತನ್ನು ಅವರು ನಿಜವಾಗಿಯೂ ಉಳಿಸಿಕೊಂಡರು. ಸೋಮವಾರದ ಪೂಜೆಯನ್ನು ಅಮಾವಾಸ್ಯೆಗೆ ಬದಲಾಯಿಸಿಕೊಂಡಿದ್ದರೆಂಬುದು ನನಗೆ ತಿಳಿದದ್ದು ವರ್ಷದ ಕೊನೆಯಲ್ಲಿ.

ಅಷ್ಟರಲ್ಲಿ ರುದ್ರಪ್ಪ ಊರುಗೋಲು ಹಿಡಿದು ನಡೆಯುತ್ತಿದ್ದರು. ಸಿಲಿಂಡರ್ ಹೆಡ್ ಬಿಚ್ಚಿದಾಗ ಗೋಡೆಗಳ ಮೇಲೆ ತುಕ್ಕು ತಿಂದ ಕುಳಿಗಳಿದ್ದವು. ರಿಂಗ್‌ಗಳು ತಮ್ಮ ಜಾಗದಲ್ಲೇ ಹಿಡಿದುಕೊಂಡಿದ್ದವು. ಆ ಬ್ಲಾಕಿನಲ್ಲಿ ಮಾಡುವುದಕ್ಕೇನೂ ಉಳಿದಿರಲಿಲ್ಲ. ಇನ್ನೊಂದು ಬ್ಲಾಕ್ ಕೊಳ್ಳುವ ಶಕ್ತಿ ರೊಟ್ಟಿಯ ದುಡಿಮೆಗೆ ಇರಲಿಲ್ಲ.

"ನನ್ನ ಕಾಲು ಕೂಡ್ತಲ್ಲ ಸಾರ್, ಇದು ಕೂಡಲ್ವಾ?" ಎಂದು ರುದ್ರಪ್ಪ ಕೇಳಿದರು. ನಾನು ಸಿಲಿಂಡರ್ ಹೆಡ್ಡನ್ನು ಮತ್ತೆ ಮೇಲಿಟ್ಟು ಮುಚ್ಚಿದೆ.

ಬಾಪೂಜಿ ನಗರದ ಗುಜರಿಯವರು ಬಂದ ದಿನ ಗೌರಮ್ಮ ಬಾನೆಟ್ಟಿಗೆ ವಿಭೂತಿ ಹಚ್ಚಿ ನನ್ನ ಕಡೆ ತಿರುಗಿದರು. "ಹೋಗೋ ಮುಂಚೆ ಒಂದ್ಸಲ ಸ್ಟಾರ್ಟ್ ಮಾಡ್ತೀರಾ? ಈಗ್ಲಾದ್ರೂ ಬೇಡ ಅನ್ಬೇಡಿ." ಅದು ಸ್ಟಾರ್ಟ್ ಆಗುವ ಸ್ಥಿತಿಯಲ್ಲಿರಲಿಲ್ಲ. ಗುಜರಿಯವರು ಗಾಡಿಯನ್ನು ತಳ್ಳಿಕೊಂಡೇ ಹೋದರು. ಚಕ್ರದಡಿ ಇಟ್ಟಿದ್ದ ನಿಂಬೆಹಣ್ಣು ಹಿಸುಕಿಹೋಯಿತು. ರುದ್ರಪ್ಪ ಮತ್ತೆಂದೂ ಟ್ಯಾಕ್ಸಿ ಓಡಿಸಲಿಲ್ಲ. ಕಾಮಾಕ್ಷಿಪಾಳ್ಯದ ಒಂದು ಕಾರ್ಖಾನೆಯ ಗೇಟಿನಲ್ಲಿ, ಬೇರೆಯವರ ಗಾಡಿಗಳಿಗೆ ಬಾಗಿಲು ತೆರೆಯುತ್ತ ದಿನ ಕಳೆದರು.

"ಆಯ್ತು ಬಿಡಿ" ಎಂಬ ಉತ್ತರದಿಂದ ಏನೂ ಬದಲಾಗಿರುವುದಿಲ್ಲ. ನನ್ನ ವೃತ್ತಿ ನನಗೆ ಕಲಿಸಿದ್ದು ಇಷ್ಟೇ, ಅದೂ ತಡವಾಗಿ. ಮಲಗಿಸಿದರೆ ಜೀವ ಹೋದೀತೆಂಬ ಆ ತಾಯಿಯ ಅಂಜಿಕೆಗೆ ನಾನು ತುಕ್ಕಿನ ರಸಾಯನವನ್ನು ಉತ್ತರವಾಗಿ ಕೊಟ್ಟಿದ್ದೆ. ಅದರ ಬದಲು ಅವರಿಗೆ ಏನು ಹೇಳಬಹುದಿತ್ತೆಂಬುದು ಇಂದಿಗೂ ನನಗೆ ಹೊಳೆದಿಲ್ಲ.

ಆದ್ದರಿಂದ ಓದುಗರಲ್ಲಿ ನನ್ನ ವಿನಂತಿ: ಗಾಡಿಯನ್ನು ಬಹುಕಾಲ ನಿಲ್ಲಿಸುವುದಾದರೆ ಅದನ್ನು ಎರಡು ನಿಮಿಷಕ್ಕಾಗಿ ಎಬ್ಬಿಸಬೇಡಿ. ಎಂಜಿನ್ ಚೆನ್ನಾಗಿ ಕಾಯುವಷ್ಟು ದೂರ ಓಡಿಸಿ, ಇಲ್ಲವೇ ಮುಟ್ಟಬೇಡಿ. ಪೂಜೆಯ ದಿನ ನಿಂಬೆಹಣ್ಣು ಇಡಿ, ಗಾಡಿಯನ್ನು ಕೈಯಿಂದ ತಳ್ಳಿ.