ಪವಿತ್ರ ಮುಟ್ಟದ ಪಿಯಾನೋ

ಅರಿಶಿನ ಬೇಯುವ ವಾಸನೆಗೆ ನಿಮಗೆ ಹಬ್ಬ, ಮದುವೆ ನೆನಪಾಗಬಹುದು. ನಾನು ಎದ್ದು ಕಿಟಕಿ ಮುಚ್ಚುತ್ತೇನೆ. ತೆರಕಣಾಂಬಿಯ ನಮ್ಮ ಮನೆಯ ಹಿತ್ತಲಲ್ಲಿ ವರ್ಷವರ್ಷವೂ ಕೊಪ್ಪರಿಗೆ ಇಟ್ಟು ಅರಿಶಿನ ಬೇಯಿಸುತ್ತಿದ್ದೆವು. ಆವಿ ಒಳಗೆಲ್ಲ ತುಂಬಿ ಹೊದಿಕೆಗೂ ಅನ್ನಕ್ಕೂ ಹಸಿಮಣ್ಣಿನ ವಾಸನೆ ಹತ್ತುತ್ತಿತ್ತು. ಈಗ ಆ ಮನೆಯಿಲ್ಲ. ಕೊಂಡವರು ಕೆಡವಿ ಮಳಿಗೆ ಕಟ್ಟಿದ್ದಾರೆ. ಅವ್ವನೂ ಇಲ್ಲ. ಏಳನೇ ಕ್ಲಾಸಿಗೆ ನನ್ನನ್ನು ಶಾಲೆ ಬಿಡಿಸಿ ಆ ಕೊಪ್ಪರಿಗೆಯ ಮುಂದೆ ನಿಲ್ಲಿಸಿದ್ದರು. ತಂಗಿ ಪವಿತ್ರ ಓದುವ ಹುಡುಗಿ ಎಂದು ಅವಳನ್ನು ಅತ್ತ ಸುಳಿಯಲೂ ಬಿಡುತ್ತಿರಲಿಲ್ಲ.

ಅವಳ ಶಾಲೆಗೆ ಒಮ್ಮೆ ಮೈಸೂರಿನಿಂದ ವ್ಯಾನಿನಲ್ಲಿ ಪಿಯಾನೋ ಬಂತು. ಜೊತೆಗೆ ಬಂದ ಸಂಗೀತದ ಮೇಡಂ ಅದನ್ನು ನುಡಿಸಿ, ಅದು ಹುಟ್ಟಿದ ಕತೆಯನ್ನೂ ಹೇಳಿದರಂತೆ. ಪವಿತ್ರ ಓಡಿ ಬಂದು ಅಷ್ಟನ್ನೂ ನನಗೆ ಒಪ್ಪಿಸಿದಳು.

"ಒಳಗೆ ತಂತಿಗೆ ಬಡ್ಯೋ ಸುತ್ತಿಗೆ ಅವೆ ಕಣಕ್ಕ. ಇದಕ್ಕಿಂತ ಮುಂಚೆ ಇದ್ದ ಬಾರ್ಸೋ ಪೆಟ್ಗೇಲಿ ಎಂಗೆ ಒತ್ತುದ್ರೂ ಒಂದೇ ಸದ್ದಂತೆ. ಇಟಲೀಲಿ ಒಬ್ಬ ಸುತ್ತಿಗೆ ಮಡಗ್ದ. ಈಗ ಮೆತ್ತಗೆ ಒತ್ತುದ್ರೆ ಮೆತ್ತಗೆ, ಜೋರಾಗಿ ಒತ್ತುದ್ರೆ ಜೋರು."

"ಅವನಿಗೆ ಬ್ಯಾರೆ ಕ್ಯಾಮೆ ಇರ್ನಿಲ್ವಾ?" ಎಂದೆ.

ಮೇಡಂ ಅವಳನ್ನು ಆರಿಸಿ, ಕಲಿಯಲೆಂದು ಶಾಲೆಯಲ್ಲೊಂದು ಸಣ್ಣ ಕೀಬೋರ್ಡು ಬಿಟ್ಟು ಹೋಗಿದ್ದರು. ಮುಂದಿನ ಸಲ ವ್ಯಾನು ಬಂದಾಗ ಅವಳು ಊರವರ ಮುಂದೆ ನಿಜವಾದ ಪಿಯಾನೋ ನುಡಿಸಬೇಕಿತ್ತು. ಸಂಜೆ ಅವ್ವ ಬೋರಲು ಮಲಗಿದರೆ ಆ ಬೆನ್ನ ಮೇಲೇ ಪವಿತ್ರಳ ಅಭ್ಯಾಸ. "ಆಂ, ಅಲ್ಲೇ ಕಣಮ್ಮಿ. ನಿನ್ ಪಿಯಾನೋನ ಇನ್ನೊಂಚೂರು ಸೊಂಟದತ್ರ ಬಾರ್ಸು" ಎಂದು ಅವ್ವ ನಗುತ್ತಿದ್ದಳು. ಅಲ್ಲಿಯವರೆಗೆ ಆ ಬೆನ್ನು ಒತ್ತುತ್ತಿದ್ದವಳು ನಾನು. ನಾನು ಒತ್ತುವಾಗ ಅವ್ವ ಒಂದು ದಿನವೂ ನಕ್ಕಿರಲಿಲ್ಲ. ಇನ್ನೂ ಕಣ್ಣಲ್ಲಿ ಕಾಣದ ಪಿಯಾನೋ ಮೇಲೆ ನನಗೆ ಹಗೆ ಹುಟ್ಟಿತು.

ಪವಿತ್ರ ನುಡಿಸಬೇಕಾದ ದಿನ ಬೆಳಿಗ್ಗೆ ಅವ್ವ ನೀರಿಗೆ ಹೋಗಿದ್ದಳು. "ಬೆಂದಿರೋ ಅರಿಶಿನವ ಹರಡ್ಬುಟ್ಟು ಓಗ್ಬೇಕಂತೆ. ಅವ್ವ ಯೋಳವ್ಳೆ" ಎಂದು ಸುಳ್ಳು ಹೇಳಿದೆ. ಅವಳು ಎದುರಾಡದೆ ಬಿಸಿ ಗೆಡ್ಡೆ ಹರಡಿದಳು. ಬೆರಳು ಹಳದಿಯಾದಾಗ ಬಟ್ಟೆ ಸೋಪು ಕೊಟ್ಟವಳೂ ನಾನೇ. ಅರಿಶಿನಕ್ಕೆ ಸೋಪು ತಾಗಿದರೆ ಕೆಂಪೇರುತ್ತದೆ ಎಂದು ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ಅವಳು ಅಳುತ್ತಾ ತಿಕ್ಕಿದಷ್ಟೂ ಕೈ ಕೆಂಪಾಯಿತು.

ಶಾಲೆಯಲ್ಲಿ ನಾನೂ ಅವ್ವನೂ ಊರವರ ನಡುವೆ ಕೂತಿದ್ದೆವು. ಹೆಡ್‌ಮಾಸ್ಟರು ಅವಳನ್ನು ಪಿಯಾನೋ ಹತ್ತಿರ ತಡೆದರು. "ಇದೇನಮ್ಮಿ ಕೈ? ಇದ ತಂದು ಬಿಳೀ ಕೀ ಮೇಲೆ ಮಡಗ್ತೀಯಾ? ನಿಮ್ಮಪ್ಪ ತಂದ್ಕೊಟ್ಟಿದ್ನಾ ಅದ?" ಹುಡುಗರು ನಕ್ಕರು. "ಪರವಾಗಿಲ್ಲ ಸರ್, ಒರೆಸಿದರಾಯ್ತು. ಬಾ ಪುಟ್ಟಿ" ಎಂದು ಮೇಡಂ ಕರೆದರು. ಅಷ್ಟರಲ್ಲಿ ಅವಳು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಾಗಿತ್ತು. ಯಾರು ಎಷ್ಟು ಕರೆದರೂ ಕೂರಲಿಲ್ಲ.

ಅವ್ವ ಎದ್ದು ಹೋಗಿ ಎಲ್ಲರೆದುರೇ ಅವಳ ರಟ್ಟೆ ಹಿಡಿದು ಕೇಳಿದಳು, "ಯಾರಮ್ಮಿ ನಿಂಗೆ ಅರಿಶಿನ ಮುಟ್ಟು ಅಂದೋರು?" ಪವಿತ್ರ ನನ್ನನ್ನು ನೋಡಿದಳು. ನಾನು ಹೇಳಲಿ ಎಂದು ಕಾದಳು. ನಾನು ಪಿಯಾನೋ ಕಡೆ ಮುಖ ತಿರುಗಿಸಿದೆ. "ನಾನೇ ಮುಟ್ದೆ" ಎಂದಳು. ಅವ್ವ ಕೆನ್ನೆಗೆ ಹೊಡೆದಳು. ಅವಳು ನುಡಿಸಬೇಕಿದ್ದುದನ್ನು ಮೇಡಮ್ಮೇ ನುಡಿಸಿ ಮುಗಿಸಿದರು. ಅದು ಚೆನ್ನಾಗಿತ್ತು. ನನ್ನ ಹೊಟ್ಟೆ ತಣ್ಣಗಾಗಿತ್ತು. ಅದನ್ನು ಇವತ್ತು ಮುಚ್ಚಿಡುವುದಿಲ್ಲ.

ಮೊನ್ನೆ ನನ್ನ ಮಗಳ ಶಾಲೆಗೂ ಪಿಯಾನೋ ಬರುತ್ತದೆ ಎಂದು ಕೇಳಿದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಪವಿತ್ರಳನ್ನು ಮದುವೆ ಮಾಡಿ ಕೊಟ್ಟಿರುವ ಊರು ಉಡಿಗಾಲಕ್ಕೆ ಹೋಗಿ, ಸುಳ್ಳು, ಸೋಪು ಎರಡನ್ನೂ ಹೇಳಿದೆ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು. ಕೈ ನಿಲ್ಲಲಿಲ್ಲ.

"ಅವತ್ತೇ ಗೊತ್ತಿತ್ತು. ಅವ್ವಂಗೆ ನೀವೇ ಯೋಳ್ತೀರಿ ಅಂತ ಕಾಯ್ದೆ. ಅವ್ವ ಇರೋಗಂಟ ಕಾಯ್ದೆ. ಈಗ ಯಾಕೆ, ಬುಡಿ."

ಅಕ್ಕ ಎನ್ನಲಿಲ್ಲ. ನೆಂಟರಿಗೆ ಕೊಡುವಂತೆ ತಟ್ಟೆಯಲ್ಲಿಟ್ಟು ಕಾಫಿ ಕೊಟ್ಟಳು. ಕುಡಿದು ಎದ್ದೆ. ನಾನು ಜಗಲಿ ಇಳಿಯುವ ಮೊದಲೇ ಒಳಗಿನಿಂದ ಚಿಲಕ ಬಿತ್ತು.