ನಾಲ್ಕು ಜನರ ಕೆಲಸ

ಇಪ್ಪತ್ತೈದು ವರ್ಷ ಹೋಟೆಲ್ ಅಡುಗೆಮನೆಯ ಯಂತ್ರಗಳನ್ನು ಮಾರಿದವನು ನಾನು. ಈಗ ಸೇಲ್ಸ್‌ಗೆ ಹೊಸದಾಗಿ ಬಂದವರಿಗೆ ಪ್ರೆಸೆಂಟೇಶನ್ ಕೊಡುವುದು ಹೇಗೆಂದು ಹೇಳಿಕೊಡಲು ನನ್ನನ್ನು ಕರೆಯುತ್ತಾರೆ. ಘಾಟ್ಕೋಪರ್‌ನಿಂದ ಲೋಕಲ್ ರೈಲು ಹಿಡಿದು ಹೋಗುತ್ತೇನೆ. ಸ್ಲೈಡು ಕಡಿಮೆ ಇರಲಿ, ಗಿರಾಕಿಯ ಮುಖ ನೋಡಿ ಮಾತಾಡಿ, ಪ್ರಶ್ನೆ ಬಂದರೆ ತಡವರಿಸಬೇಡಿ ಎನ್ನುತ್ತೇನೆ. ಪಾಪ, ಎಲ್ಲರೂ ಬರೆದುಕೊಳ್ಳುತ್ತಾರೆ. ಆ ಮೂರನೆಯ ಮಾತು ಹೇಳುವಾಗ ಮಾತ್ರ ನನಗೆ ಒಳಗೊಳಗೇ ನಾಚಿಕೆಯಾಗುತ್ತದೆ. ನಾನು ಒಮ್ಮೆ ತಡವರಿಸಬೇಕಾಗಿತ್ತು, ತಡವರಿಸಲಿಲ್ಲ.

ಆಗ ನಾನು ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ. ಮೂರು ತಿಂಗಳಿಂದ ಒಂದು ಆರ್ಡರೂ ಬಂದಿರಲಿಲ್ಲ. ಫೋರ್ಟ್‌ನ ಉಡುಪಿ ಹೋಟೆಲಿನ ಆರ್ಡರ್ ತರದಿದ್ದರೆ ಮುಂದಿನ ತಿಂಗಳಿಂದ ಆಫೀಸಿಗೆ ಬರುವುದು ಬೇಡ ಎಂದು ನಮ್ಮ ಬಾಸ್ ಚಹಾ ಕುಡಿಯುತ್ತಲೇ ಹೇಳಿಬಿಟ್ಟಿದ್ದರು. ಆ ಹೋಟೆಲಿಗೆ ಐದು ಶಾಖೆಗಳು. ಮಾರಬೇಕಾದದ್ದು ಕಲ್ಲಿನ ಗ್ರೈಂಡರಿನಲ್ಲಿ ಗಂಟೆ ಹಿಡಿಯುವ ಹಿಟ್ಟನ್ನು ಹತ್ತು ನಿಮಿಷಕ್ಕೆ ರುಬ್ಬಿ ಕೊಡುವ ಯಂತ್ರ. ಉಳಿದ ಕಂಪನಿಯವರೆಲ್ಲ ಇಂಗ್ಲಿಷಿನಲ್ಲಿ ಹೇಳುತ್ತಾರೆ, ನಾನು ಕನ್ನಡದಲ್ಲೇ ಹೇಳಿದರೆ ಹೋಟೆಲಿನ ಧಣಿ ನಮ್ಮೂರಿನವನೆಂದು ಕರಗಿಯಾರು ಎಂಬುದು ನನ್ನ ಲೆಕ್ಕಾಚಾರ. ಸ್ಲೈಡುಗಳನ್ನೂ ಕನ್ನಡದಲ್ಲೇ ಮಾಡಿಸಿದೆ. ಬುದ್ಧಿವಂತ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆ ಹೋಟೆಲಿನಲ್ಲಿ ಒಂದು ಪದ್ಧತಿ ಇತ್ತು. ಅಡುಗೆಮನೆಗೆ ಒಂದು ಸೌಟು ಬರಬೇಕಾದರೂ ಅಡುಗೆಯ ಭಟ್ಟರು ಒಪ್ಪಬೇಕು. ಹಿಟ್ಟಿನ ವಿಷಯವಾದರೆ ರುಬ್ಬುವವನೂ ಒಪ್ಪಬೇಕು. ಹಾಗಾಗಿ ಮಹಡಿಯ ಮೇಲಿನ ಆಫೀಸಿಗೆ ಧಣಿ ಇಬ್ಬರನ್ನೂ ಕರೆಸಿದ್ದರು. ರುಬ್ಬುವವರು ಕಲಬುರಗಿ ಕಡೆಯವರು, ನಡುವಯಸ್ಸು, ಇಪ್ಪತ್ತು ವರ್ಷದಿಂದ ಅದೇ ಗ್ರೈಂಡರಿನ ಮುಂದೆ ನಿಂತವರು. ಧಣಿಯ ಎದುರು ಕೂರುವುದು ರೂಢಿಯಲ್ಲವಾದ್ದರಿಂದ ಇಬ್ಬರೂ ಬಾಗಿಲ ಬಳಿ ನಿಂತೇ ಕೇಳಿದರು.

ನಾನು ಚೆನ್ನಾಗಿಯೇ ಮಾತಾಡಿದೆ. ಧಣಿ ಎರಡು ಸಲ ನಕ್ಕರು. ಆಮೇಲೆ ದೊಡ್ಡ ಅಕ್ಷರದ ಸ್ಲೈಡು ಬಂತು: ನಾಲ್ಕು ಜನರ ಕೆಲಸ, ಒಂದೇ ಯಂತ್ರ. ಅದನ್ನು ಗಟ್ಟಿಯಾಗಿ ಓದಿಯೂ ಬಿಟ್ಟೆ. ಇಂಗ್ಲಿಷಿನಲ್ಲಿ ಹೇಳಿದ್ದರೆ ಅದು ಧಣಿಯ ಮೇಜು ದಾಟಿ ಹೋಗುತ್ತಿರಲಿಲ್ಲ.

ರುಬ್ಬುವವರು ಮೆಲ್ಲಗೆ ಕೇಳಿದರು, "ಸಾಹೇಬ್ರ, ಆ ನಾಕ್ ಮಂದ್ಯಾಗ ನಾನೂ ಬರ್ತೀನೇನ್ರಿ?"

ಧಣಿ ಮೇಜಿನ ಮೇಲಿನ ಬಿಲ್ಲುಗಳನ್ನು ನೋಡತೊಡಗಿದರು. ನಾನು ಒಂದು ಕ್ಷಣವೂ ತಡಮಾಡದೆ, "ಛೆ, ಇಲ್ಲ. ಯಂತ್ರ ನೋಡಿಕೊಳ್ಳಲಿಕ್ಕೆ ನಿಮ್ಮಂಥ ಅನುಭವಸ್ಥರೇ ಬೇಕಲ್ಲ" ಎಂದೆ. ಅವರು ತಲೆಯಾಡಿಸಿದರು. ಆ ಮಾತಿಗೆ ನನ್ನಲ್ಲಿ ಯಾವ ಆಧಾರವೂ ಇರಲಿಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ, ಅಂದು ನನಗೆ ಜಗಳವೇನೋ ತಪ್ಪಿತು.

ಕೆಳಗೆ ಅಡುಗೆಮನೆಯಲ್ಲಿ ಯಂತ್ರ ತಿರುಗಿಸಿ ತೋರಿಸಬೇಕಿತ್ತು. ಉದ್ದು ಹಾಕಿದೆ, ಹತ್ತು ನಿಮಿಷಕ್ಕೆ ಹಿಟ್ಟಾಯಿತು. ಭಟ್ಟರು ಒಂದು ಚೂರು ತೆಗೆದು ನೀರಿನ ಲೋಟಕ್ಕೆ ಬಿಟ್ಟರು. ತೇಲಬೇಕಾದ ಹಿಟ್ಟು ತಳಕ್ಕೆ ಕೂತಿತು. "ಇದರಲ್ಲಿ ಇಡ್ಲಿ ಆಗುದಿಲ್ಲ ಮಾರಾಯ್ರೆ. ಧಣಿಗಳಿಗೆ ಹೇಳ್ತೇನೆ" ಎಂದು ಅವರು ಮೇಲೆ ಹೊರಟರು. ಅಲ್ಲಿ ಉಳಿದಿದ್ದವರು ರುಬ್ಬುವವರೊಬ್ಬರೇ. ಅವರ ಮುಂದೆ, ಈ ಆರ್ಡರ್ ಸಿಗದಿದ್ದರೆ ನನ್ನ ಕೆಲಸ ಹೋಗುತ್ತದೆ ಎಂದು ಬಾಯಿಬಿಟ್ಟು ಹೇಳಿಕೊಂಡೆ. ಯಾಕೆ ಹೇಳಿದೆನೋ ಇಂದಿಗೂ ತಿಳಿಯದು.

ರುಬ್ಬುವವರು ಹಿಟ್ಟಿನೊಳಗೆ ಬೆರಳು ಅದ್ದಿದರು. "ಹಿಟ್ಟು ಕಾದದ ರೀ. ಮಿಷನ್ ಜೋರ್ ತಿರಗತದ, ಅದಕ್ಕ." ಬಾಗಿಲಿನವರೆಗೆ ಹೋಗಿ ಭಟ್ಟರನ್ನು ಕೂಗಿ ನಿಲ್ಲಿಸಿದರು. ಬೇರೆ ಉದ್ದು ತಂದು, ತಣ್ಣನೆಯ ಬರ್ಫದ ನೀರನ್ನು ಸ್ವಲ್ಪ ಸ್ವಲ್ಪವೇ ಚಿಮುಕಿಸುತ್ತ, ತಾವೇ ನಿಂತು ರುಬ್ಬಿದರು. ಈ ಸಲ ಹಿಟ್ಟು ಹತ್ತಿಯಂತೆ ತೇಲಿತು. ಮರುದಿನ ಬೆಳಿಗ್ಗೆ ಇಡ್ಲಿ ತಿಂದ ಧಣಿ ಐದೂ ಶಾಖೆಗಳಿಗೆ ಯಂತ್ರ ಬೇಕೆಂದರು.

ಅದಾದ ಮೇಲೆ ಪ್ರತಿ ಪ್ರೆಸೆಂಟೇಶನ್ನಿಗೂ ಬರ್ಫದ ಡಬ್ಬ ಒಯ್ದೆ. ಹೋಟೆಲುಗಳ ಭಟ್ಟರು ಒಬ್ಬೊಬ್ಬರಾಗಿ ಒಪ್ಪಿಕೊಂಡರು, ನನಗೆ ಹೆಸರು ಬಂತು. ಫೋರ್ಟ್‌ನ ಹೋಟೆಲಿಗೆ ಮಾತ್ರ ನಾನು ಮತ್ತೆ ಹೋಗಲಿಲ್ಲ. ಸರ್ವಿಸಿಗೆ ಬೇರೆಯವರಿದ್ದಾರಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಹೋಗಲು ಹೆದರಿಕೆ.

ವರ್ಷದ ನಂತರ ಬೈಕುಲ್ಲಾದ ತರಕಾರಿ ಮಾರ್ಕೆಟ್ಟಿನ ಹತ್ತಿರ ಒಬ್ಬರು ಈರುಳ್ಳಿ ಮೂಟೆ ಇಳಿಸಿ, ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ನನ್ನನ್ನೇ ನೋಡಿದರು. ಗುರುತು ಸಿಕ್ಕಿತು, ಅದೇ ರುಬ್ಬುವವರು. ಯಂತ್ರ ಬಂದ ಎರಡನೇ ತಿಂಗಳಿಗೇ ತಮ್ಮನ್ನೂ ಇನ್ನೂ ಮೂವರನ್ನೂ ಕೆಲಸದಿಂದ ಬಿಡಿಸಿದರು ಎಂದು ಅವರು ಹೇಳಿದರು. ಸಿಟ್ಟಿರಲಿಲ್ಲ. ಬೈದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಚಹಾ ಕುಡಿಯೋಣ ಬನ್ನಿ ಎಂದೆ. ಇನ್ನೂ ಲಾರಿ ಖಾಲಿ ಆಗಿಲ್ಲ, ಬ್ಯಾಡ್ರಿ ಎಂದರು. ಎರಡು ಹೆಜ್ಜೆ ಹೋದವರು ತಿರುಗಿ ನಿಂತು ಕೇಳಿದರು.

"ನಿಮ್ದರ ಉಳೀತೇನ್ರಿ, ಕೆಲಸ?"

"ಉಳೀತು" ಎಂದೆ.

"ಚಲೋ ಆತ್ ಬಿಡ್ರಿ" ಎಂದು ಅವರು ಲಾರಿಯ ಕಡೆ ನಡೆದರು. ಆ ಆರ್ಡರಿನಿಂದ ನನಗೆ ಬಡ್ತಿಯೂ ಸಿಕ್ಕಿದೆ ಎಂಬುದನ್ನು ನಾನು ಹೇಳಲಿಲ್ಲ.